ಸದ್ದಿಲ್ಲದ ಸಮುದ್ರ



ಸಿನಿಮಾ ನೋಡುವುದು ಮತ್ತು ರಜೆ ಬಂದಾಗ ಊರೂರು ತಿರುಗುವುದು, ಇವೆರಡೂ ನನ್ನ ಹಳೆಯ ಹುಚ್ಚುಗಳು. ಎರಡರಲ್ಲಿಯೂ ನಾನು ಪಂಡಿತನಲ್ಲ. ಚಿತ್ರಮಂದಿರದ ಕತ್ತಲಲ್ಲಿ ಕೂತು ನಕ್ಕು, ಅತ್ತು, ಕೆಲವೊಮ್ಮೆ ತೂಕಡಿಸಿಯೂ ಬಂದವನು. ಪ್ರವಾಸದಲ್ಲಿಯೂ ಅಷ್ಟೇ. ಆದ್ದರಿಂದ ಇಂದು ನಾನು ಹೇಳುವ ಮಾತುಗಳನ್ನು ವಿಮರ್ಶೆಯೆಂದು ತಾವು ಭಾವಿಸಬಾರದು. ಊಟವಾದ ಮೇಲೆ ಜಗುಲಿಯ ಮೇಲೆ ಕುಳಿತು ಆಡುವ ಮಾತು ಎಂದು ತಿಳಿದರೆ ಸಾಕು.

ಈ ಎರಡು ಹುಚ್ಚುಗಳಿಗೂ ಒಂದಕ್ಕೊಂದು ನಂಟಿದೆಯೆಂಬುದು ನನಗೆ ಮೊದಲು ತಿಳಿದದ್ದು ಎಂಟನೆಯ ವಯಸ್ಸಿನಲ್ಲಿ. ನಾವಾಗ ಹಿರಿಯೂರಿನಲ್ಲಿದ್ದೆವು. ನಮ್ಮ ತಂದೆ ಮಾಧ್ಯಮಿಕ ಶಾಲೆಯ ಮೇಷ್ಟರು. ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ತೆರೆಕಂಡಾಗ ಅವರು ನಮ್ಮೆಲ್ಲರನ್ನೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದರು. ಅಶ್ವತ್ಥರ ಚಾಮಯ್ಯ ಮೇಷ್ಟರನ್ನು ಕಂಡು ನಮ್ಮ ಮೇಷ್ಟರು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಜಯಂತಿಯವರ ಓಬವ್ವನದೇ ಧ್ಯಾನ. ಮುಂದಿನ ರಜೆಯಲ್ಲಿ ಹಟ ಹಿಡಿದು ಕೋಟೆಗೆ ಹೋದೆ. ಓಬವ್ವನ ಕಿಂಡಿಯ ಮುಂದೆ ನಿಂತಾಗ ಆದ ನಿರಾಶೆಯನ್ನು ಏನೆಂದು ಹೇಳಲಿ! ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳಬಹುದಾದ ಒಂದು ಸಂದು, ಪಕ್ಕದಲ್ಲಿ ಬಿಸಿಲಿಗೆ ಕಾದ ಬಂಡೆ. ಒನಕೆಯೂ ಇಲ್ಲ, ಹಾಡೂ ಇಲ್ಲ. ತಂದೆಯವರು ನನ್ನ ಮುಖವನ್ನು ನೋಡಿ, "ಸ್ವಲ್ಪ ಹೊತ್ತು ಸುಮ್ಮನೆ ನಿಂತುಕೋ, ಕಾಣುತ್ತೆ" ಎಂದರು. ನಿಂತೆ. ತಣ್ಣೀರು ದೋಣಿಯ ಕಡೆಯಿಂದ ಬಂದ ಗಾಳಿ ಮೈಗೆ ತಾಕಿತು. ಓಬವ್ವ ಕಾಣಲಿಲ್ಲ. ಆದರೆ ಇಂದಿಗೂ ಆ ಚಿತ್ರವನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಆ ಬಂಡೆಯ ಕಾವು ಮತ್ತು ಆ ಗಾಳಿಯ ತಂಪು.

ಇತ್ತೀಚಿನ ಚಿತ್ರಗಳಿಗೆ ಬರುತ್ತೇನೆ. 'ಕಾಂತಾರ' 2022ರಲ್ಲಿ ಬಂದಾಗ ನಾನು ಎರಡು ಸಲ ನೋಡಿದೆ. ಕಾಡಿನ ರಾತ್ರಿಯನ್ನು ಅಷ್ಟು ಸಮೃದ್ಧವಾಗಿ ಕನ್ನಡದ ತೆರೆಯ ಮೇಲೆ ನಾನು ಕಂಡಿರಲಿಲ್ಲ. ಕೊನೆಯ ಭಾಗದಲ್ಲಿ ದೈವದ ಕೂಗು ಕೇಳಿದಾಗ, ಅಲ್ಲಿಯವರೆಗೆ ಸೀಟಿ ಹೊಡೆಯುತ್ತಿದ್ದ ಹುಡುಗರು ಕೂಡ ಮೌನವಾದರು. ನೆಲ ಯಾರದು, ಅರಣ್ಯ ಇಲಾಖೆ ಹಾಕಿದ ಗೆರೆಯದೋ ತಲೆತಲಾಂತರದಿಂದ ಅಲ್ಲಿ ಬಾಳಿದವರದೋ ಎಂಬ ಪ್ರಶ್ನೆಯನ್ನು ಅದು ಎತ್ತಿಕೊಂಡದ್ದು ನನಗೆ ಮೆಚ್ಚಿಕೆಯಾಯಿತು. ಆ ಪ್ರಶ್ನೆಯ ಬಿಗಿಯನ್ನು ಹೊಡೆದಾಟಗಳು ಅಲ್ಲಲ್ಲಿ ಸಡಿಲಿಸಿದವು, ನಾಯಕಿಯನ್ನು ನಾಯಕ ನಡೆಸಿಕೊಳ್ಳುವ ರೀತಿಯೂ ನನಗೆ ಹಿಡಿಸಲಿಲ್ಲ. ಇದರ ಪೂರ್ವಕಥೆ 2025ರ ಅಕ್ಟೋಬರಿನಲ್ಲಿ ಬಂದಿತು. ಅದರ ವೈಭವ ದೊಡ್ಡದು. ಆದರೆ ಮೊದಲ ಚಿತ್ರದಲ್ಲಿ ಕಂಬಳದ ಗದ್ದೆಯ ಕೆಸರು ನನ್ನ ಅಂಗಿಗೂ ಸಿಡಿದಂತಾಗಿತ್ತು. ಎರಡನೆಯದರಲ್ಲಿ ನಾನು ದೂರ ಕುಳಿತು ನೋಡಿದ ಅತಿಥಿಯಾಗಿದ್ದೆ.

ಇನ್ನೊಂದು ಚಿತ್ರದ ಮಾತು ಸ್ವಲ್ಪ ದೀರ್ಘವಾದೀತು, ಕ್ಷಮೆಯಿರಲಿ. ಹೇಮಂತ್ ರಾವ್ ನಿರ್ದೇಶಿಸಿದ 'ಸಪ್ತ ಸಾಗರದಾಚೆ ಎಲ್ಲೋ' 2023ರಲ್ಲಿ ಎರಡು ಭಾಗಗಳಾಗಿ ಬಂದಿತು. ಹೆಸರು ಅಡಿಗರ ಕವಿತೆಯಿಂದ ಬಂದದ್ದೆಂಬುದು ತಮಗೆ ಗೊತ್ತೇ ಇದೆ. ಬಾಡಿಗೆ ಮನೆಯನ್ನು ಹುಡುಕುವ ಒಂದು ಜೋಡಿ. ಕಡಲ ತಡಿಯಲ್ಲಿ ಒಂದು ಮನೆ ಬೇಕೆಂಬುದು ಅವಳ ಆಸೆ. ದುಡ್ಡಿಗಾಗಿ ಯಜಮಾನನ ಮನೆಯವರು ಮಾಡಿದ ಅಪರಾಧವನ್ನು ತನ್ನ ಮೇಲೆ ಹಾಕಿಕೊಂಡು ಅವನು ಸೆರೆಮನೆಗೆ ಹೋಗುತ್ತಾನೆ. ಮೊದಲ ಭಾಗದಲ್ಲಿ ಕಡಲಿನ ನೀಲಿ ಎಲ್ಲೆಲ್ಲಿಯೂ ಹರಡಿಕೊಂಡಿದೆ. ಎರಡನೆಯ ಭಾಗ ಕೆಂಪಿಗೆ ತಿರುಗುತ್ತದೆ, ಕಥೆಯೂ ಸೇಡಿನ ಕಡೆಗೆ ಹೊರಳುತ್ತದೆ. ನನ್ನ ಮಟ್ಟಿಗೆ ಮೊದಲನೆಯದೇ ಹೆಚ್ಚು. ತೀರದ ಆಸೆಯೊಂದನ್ನು ಅಷ್ಟು ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂರುವ ತಾಳ್ಮೆ ಅದಕ್ಕಿದೆ.

ಈ ಮೊದಲ ಭಾಗವನ್ನು ನಾನು ಎರಡನೆಯ ಸಲ ನೋಡಿದ್ದು ಮನೆಯಲ್ಲಿ, ದೂರದರ್ಶನದ ಪೆಟ್ಟಿಗೆಯ ಮುಂದೆ, ಎಂಬತ್ತು ದಾಟಿದ ನನ್ನ ತಾಯಿಯ ಜೊತೆಗೆ. ಅವರಿಗೆ ಕಥೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತೆರೆಯ ತುಂಬ ಅಲೆಗಳು ಬಂದಾಗ ಅವರು ಒಮ್ಮೆ ಕನ್ನಡಕವನ್ನು ಸರಿಮಾಡಿಕೊಂಡು, "ನಾವು ನೋಡಿದ ಸಮುದ್ರ ಹೀಗಿರಲಿಲ್ಲ ಕಣೋ. ಅದು ಇನ್ನೂ ದೂರ ಇತ್ತು. ಸದ್ದೇ ಇರಲಿಲ್ಲ" ಎಂದರು.

ನಾನು ಏನೂ ಹೇಳಲಾರದೆ ಕುಳಿತೆ. ಏಕೆಂದರೆ ನನ್ನ ತಾಯಿ ಸಮುದ್ರವನ್ನು ನೋಡಿಯೇ ಇರಲಿಲ್ಲ.

ಅದು 1978ರ ದಸರೆಯ ರಜೆ. ಅಮ್ಮ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರು. ಅವರು ಕಂಡ ಅತಿ ದೊಡ್ಡ ನೀರೆಂದರೆ ಮಾರಿಕಣಿವೆ. ವೇದಾವತಿಗೆ ಕಟ್ಟಿದ ಆ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರು. ಆದರೆ 1933ರಲ್ಲಿ ಕೋಡಿ ಬಿದ್ದ ಆ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅಂಥ ಸಾಗರದ ದಡದಲ್ಲಿ ಬೆಳೆದವರಿಗೆ ನಿಜವಾದ ಸಾಗರವನ್ನು ನೋಡಬೇಕೆಂಬ ಆಸೆ ಇರುವುದು ಸಹಜವಲ್ಲವೇ? ತಂದೆಯವರು ಮದುವೆಯಾದ ಹೊಸದರಲ್ಲಿಯೇ ಮಾತು ಕೊಟ್ಟಿದ್ದರಂತೆ. ಮೇಷ್ಟರ ಸಂಬಳದಲ್ಲಿ ಅದು ಕೈಗೂಡಲು ಎಷ್ಟೋ ವರ್ಷಗಳು ಹಿಡಿದವು. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಅಲ್ಲಿಂದ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ, ಮಲ್ಪೆ ಎಂದು ಅವರು ನೋಟುಪುಸ್ತಕದಲ್ಲಿ ಊರುಗಳ ಪಟ್ಟಿಯನ್ನೂ ಬಸ್ಸಿನ ದರವನ್ನೂ ಬರೆದುಕೊಂಡಿದ್ದರು. ಅಮ್ಮ ಆ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು.

ಆಗುಂಬೆಯನ್ನು ತಲುಪುವಾಗ ಮಳೆ ನಿಂತಿರಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರದು. ಅದರ ಹತ್ತನೆಯ ಒಂದು ಪಾಲು ಬಿದ್ದರೆ ಹಬ್ಬ ಮಾಡುವ ನಾವು ಒದ್ದೆ ಬಟ್ಟೆಯಲ್ಲಿ ನಡುಗುತ್ತ ತಂದೆಯವರ ಸ್ನೇಹಿತರೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಅವರೂ ಮೇಷ್ಟರೇ. ಮಧ್ಯಾಹ್ನದ ಹೊತ್ತಿಗೆ ನನ್ನ ತಂಗಿಗೆ ಜ್ವರ ಬಂದಿತು. ಸಂಜೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅವಳನ್ನು ಆ ಮನೆಯವರ ಬಳಿ ಮಲಗಿಸಿ, ತಂದೆಯವರು ಅಮ್ಮನನ್ನೂ ನನ್ನನ್ನೂ ಸೂರ್ಯಾಸ್ತ ನೋಡುವ ಜಾಗಕ್ಕೆ ಕರೆದೊಯ್ದರು. ಆಕಾಶ ತಿಳಿಯಾಗಿದ್ದ ದಿನ ಅಲ್ಲಿಂದ ದೂರದಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ. ಅಂದು ಆಕಾಶ ತಿಳಿಯಾಗಿರಲಿಲ್ಲ. ಕೆಳಗೆ ಕಣಿವೆಯ ತುಂಬ ಕಾಡು, ಅದರ ಆಚೆ ಬೂದು ಬಣ್ಣದ ಮಂಜು, ಅದರ ಮೇಲೆ ಅದೇ ಬಣ್ಣದ ಮೋಡ.

ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಜ್ವರದ ಮಗುವನ್ನು ಕಟ್ಟಿಕೊಂಡು ಘಾಟಿ ಇಳಿಯುವಂತಿಲ್ಲ, ಅಲ್ಲಿಯೇ ನಾಲ್ಕು ದಿನ ಕಾಯಲು ರಜೆಯೂ ಇಲ್ಲ, ದುಡ್ಡೂ ಇಲ್ಲ ಎಂಬುದು ಅವರಿಗೆ ಆಗಲೇ ಖಚಿತವಾಗಿರಬೇಕು. ಆಮೇಲೆ ಕೈಯೆತ್ತಿ ಮಂಜಿನಲ್ಲಿದ್ದ ತೆಳ್ಳಗಿನ ಬಿಳಿಯ ಗೆರೆಯೊಂದನ್ನು ತೋರಿಸಿ, "ನೋಡು, ಅದೇ ಸಮುದ್ರ" ಎಂದರು.

"ಹೌದಾ?" ಎಂದರು ಅಮ್ಮ. ಸ್ವಲ್ಪ ಹೊತ್ತಾದ ಮೇಲೆ, "ಹೌದೂರೀ, ಕಾಣಿಸ್ತು" ಎಂದರು.

ಮರುದಿನ ಬೆಳಗ್ಗೆ ನಾವು ಶಿವಮೊಗ್ಗದ ಬಸ್ಸು ಹತ್ತಿದೆವು. ಹದಿನಾಲ್ಕು ವರ್ಷದ ನನಗೆ ಅದು ಮಂಜು ಎಂಬುದು ಸ್ಪಷ್ಟವಾಗಿ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಊರಿಗೆ ಬಂದ ಮೇಲೆ ಅಮ್ಮ ಅಕ್ಕಪಕ್ಕದವರಿಗೆಲ್ಲ ಸಮುದ್ರವನ್ನು ನೋಡಿ ಬಂದೆನೆಂದು ಹೇಳಿದರು. ಮತ್ತೊಮ್ಮೆ ಹೋಗುವ ಮಾತನ್ನು ತಂದೆಯವರು ಎತ್ತಿದಾಗ, "ಒಂದು ಸಲ ನೋಡಿದ್ದು ಸಾಕು" ಎಂದು ತಳ್ಳಿಹಾಕಿದರು. ತಂದೆಯವರು 2001ರಲ್ಲಿ ತೀರಿಕೊಂಡರು. ನಾನು ದುಡಿಯತೊಡಗಿದ ಮೇಲೆ ಹೆಂಡತಿ ಮಕ್ಕಳೊಡನೆ ಕಾರವಾರಕ್ಕೆ ಹೋದೆ, ಗೋಕರ್ಣಕ್ಕೆ ಹೋದೆ, ಕನ್ಯಾಕುಮಾರಿಗೂ ಹೋದೆ. ಅಮ್ಮ ಬರಲೊಲ್ಲೆನೆಂದರು, ನಾನು ಒತ್ತಾಯ ಮಾಡಲಿಲ್ಲ. ಅವರು ನೋಡಿದ್ದಾರಲ್ಲ ಎಂಬ ಆ ಸುಳ್ಳು ನನಗೂ ಅನುಕೂಲವಾಗಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಸಿನಿಮಾದ ಕಡಲು ಆ ಅನುಕೂಲವನ್ನು ಮುರಿದುಹಾಕಿತು. ಮುಂದಿನ ಜನವರಿಯಲ್ಲಿ, ಎಂದರೆ 2024ರಲ್ಲಿ, ನಾನು ಕಾರೊಂದನ್ನು ಗೊತ್ತುಮಾಡಿ ಅಮ್ಮನನ್ನು ಹೊರಡಿಸಿದೆ. ಹಳೆಯ ಪಟ್ಟಿಯ ದಾರಿಯೇ. ಆಗುಂಬೆಯಲ್ಲಿ ಈಗ ಪ್ರವಾಸಿಗಳು 'ಮಾಲ್ಗುಡಿ'ಯನ್ನು ಹುಡುಕಿಕೊಂಡು ಬರುತ್ತಾರೆ. ಶಂಕರನಾಗ್ ನಾರಾಯಣರ ಕಥೆಗಳನ್ನು ಅಲ್ಲಿ ಚಿತ್ರೀಕರಿಸಿದ್ದು ನಾವು ಹೋಗಿ ಬಂದ ಎಷ್ಟೋ ವರ್ಷಗಳ ಮೇಲೆ. ಕಲ್ಪನೆಯ ಊರೊಂದಕ್ಕೆ ನೆಲ ಸಿಕ್ಕಿದ ಪವಾಡವದು. ನಮಗೆ ಮಾತ್ರ ಅಲ್ಲಿ ಬೇರೆ ಕೆಲಸವಿತ್ತು. ಸೂರ್ಯಾಸ್ತದ ಜಾಗದಲ್ಲಿ ಕಾರು ನಿಲ್ಲಿಸಿದೆ. ನಡುಹಗಲು, ದೂರದಲ್ಲಿ ಮಬ್ಬು. ಅಮ್ಮ ಕಂಬಿಯನ್ನು ಹಿಡಿದು ಒಂದಿಷ್ಟು ಹೊತ್ತು ನಿಂತು, ಏನೂ ಮಾತನಾಡದೆ ಬಂದು ಕಾರಿನಲ್ಲಿ ಕುಳಿತರು. ಘಾಟಿಯ ಹದಿನಾಲ್ಕು ತಿರುವುಗಳನ್ನು ಬೆರಳು ಮಡಿಸಿ ಎಣಿಸಿದರು. ಸೋಮೇಶ್ವರದ ಫಲಕ ಕಂಡಾಗ, "ಆಮೇಲೆ ಹೆಬ್ರಿ" ಎಂದರು.

ನಾವು ಹೋದದ್ದು ಮಲ್ಪೆಗಲ್ಲ, ಮರವಂತೆಗೆ. ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ. ಮುದುಕರು ಹೆಚ್ಚು ನಡೆಯಬೇಕಾಗಿಲ್ಲ. ಅಮ್ಮ ನನ್ನ ತೋಳನ್ನು ಹಿಡಿದು ಮರಳಿಗೆ ಇಳಿದರು. ಮೊದಲು ಅವರು ಹೇಳಿದ ಮಾತು, "ಇಷ್ಟು ಸದ್ದು ಮಾಡುತ್ತೇನೋ ಇದು?"

ನಾನು ಅಳುಕುತ್ತಲೇ ಹೇಳಿದೆ: "ಅಮ್ಮ, ಅವತ್ತು ಆಗುಂಬೆಯಲ್ಲಿ ಅಪ್ಪ ತೋರಿಸಿದ್ದು..."

"ಮಂಜು ಕಣೋ" ಎಂದರು ಅಮ್ಮ, ಅಲೆಯ ಮೇಲಿಂದ ಕಣ್ಣು ತೆಗೆಯದೆ. "ನನಗೇನು ಕಣ್ಣಿರಲಿಲ್ಲವಾ? ಅವರ ಮುಖ ನೋಡಿದೆ. ಇಲ್ಲ ಅನ್ನೋಕೆ ಆಗಲಿಲ್ಲ."

"ಮತ್ತೆ ಕರೆದಾಗ ಯಾಕೆ ಬರಲಿಲ್ಲ?"

"ಬಂದಿದ್ದರೆ ಅವರು ಸುಳ್ಳು ಹೇಳಿದಂತೆ ಆಗುತ್ತಿತ್ತು."

ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಪಾದ ನೆನೆಯುವಷ್ಟು ನೀರಿಗೆ ಇಳಿದರು. ಒಂದು ಹನಿಯನ್ನು ನಾಲಗೆಗೆ ಹಚ್ಚಿಕೊಂಡು ಮುಖ ಕಿವಿಚಿದರು. ತಂಗಿಗೆ ಫೋನು ಮಾಡಿಸಿ, "ನಿನ್ನ ಜ್ವರದ ದೆಸೆಯಿಂದ ತಪ್ಪಿದ್ದು ಈಗ ಸಿಕ್ಕಿತು ನೋಡು" ಎಂದು ನಕ್ಕರು. ನಾನು ನದಿಯ ಕಡೆಗೆ ಮುಖ ತಿರುಗಿಸಿಕೊಂಡು ನಿಂತೆ. ಎಷ್ಟೋ ವರ್ಷಗಳ ಕಾಲ, ಅಮ್ಮನಿಗೆ ತಿಳಿಯದ ಗುಟ್ಟೊಂದನ್ನು ಕಾಪಾಡುತ್ತಿದ್ದೇನೆಂದು ಭಾವಿಸಿದ್ದೆ. ನಿಜದಲ್ಲಿ ಕಾಪಾಡುತ್ತಿದ್ದವರು ಅವರು.

ಶ್ರೋತೃಗಳೇ, ಕಳೆದುಹೋದ ಪ್ರವಾಸಗಳನ್ನು ಸಿನಿಮಾ ನಮಗೆ ಹಿಂದಿರುಗಿಸುತ್ತದೆಯೇ ಎಂದು ಕೇಳಿದರೆ, ಇಲ್ಲವೆಂದೇ ನನ್ನ ಉತ್ತರ. ತೆರೆಯ ಮೇಲಿನ ಕಡಲಿಗೆ ಉಪ್ಪಿಲ್ಲ, ಬಸ್ಸಿನ ದರವಿಲ್ಲ, ಮಗುವಿನ ಜ್ವರವಿಲ್ಲ. ಆದರೂ ಒಂದು ಒಳ್ಳೆಯ ಚಿತ್ರ ನಮ್ಮಿಂದ ಒಂದು ಮಾತನ್ನು ಹೊರಡಿಸಬಲ್ಲುದು. ಮನೆಯೊಳಗೆ ಬಹುಕಾಲ ಆಡದೆ ಉಳಿದಿದ್ದ ಮಾತು ಅದಾಗಿದ್ದರೆ, ಅಂಥ ಚಿತ್ರಕ್ಕೆ ನಾನು ಋಣಿ.

'ಸು ಫ್ರಮ್ ಸೋ' ಎಂಬ ನಗೆಯ ಚಿತ್ರ 2025ರ ಜುಲೈಯಲ್ಲಿ ಬಂದಿತು. ಊರಿಗೆ ಊರೇ ದೆವ್ವದ ಹಿಂದೆ ಬೀಳುವ ಕಥೆ. ಕೆಲವು ಕಡೆ ಗದ್ದಲ ಹೆಚ್ಚಾಯಿತು ಎನ್ನಿಸಿದರೂ, ನಗೆಯ ಕೆಳಗೆ ಹೆಣ್ಣಿನ ಸಂಕಟವೊಂದನ್ನು ಅದು ಬಚ್ಚಿಟ್ಟು ತೋರಿಸಿದ ಜಾಣತನ ನನಗೆ ಇಷ್ಟವಾಯಿತು. ಹೆಸರಿನ ಒಗಟನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಸೋಮೇಶ್ವರದ ಸುಲೋಚನಾ ಎಂದು.

"ಘಾಟಿ ಕೆಳಗಿನ ಸೋಮೇಶ್ವರವಾ?" ಎಂದು ಕೇಳಿದರು ಅಮ್ಮ.

ಕರಾವಳಿಯಲ್ಲಿ ಉಳ್ಳಾಲದ ಹತ್ತಿರ ಇನ್ನೊಂದು ಸೋಮೇಶ್ವರವಿದೆ, ಅಲ್ಲಿ ಬಂಡೆಗಳ ಮೇಲೆ ದೇವಸ್ಥಾನ, ಕೆಳಗೆ ಸಮುದ್ರ ಎಂದೆ. ಅಮ್ಮ ಸ್ವಲ್ಪ ಯೋಚಿಸಿ, "ಹಾಗಾದರೆ ಚಳಿ ಕಳೆದ ಮೇಲೆ ಅಲ್ಲಿಗೂ ಹೋಗಿ ಬರೋಣ" ಎಂದರು.