ಅಡ್ವಾನ್ಸ್ ನಮ್ಮ ದುಡ್ಡು, ಕಡಿತಕ್ಕೆ ಬಿಲ್ ಕೇಳಿ

(ಹೊಸೂರಿನಲ್ಲಿ ಯುವಕ-ಯುವತಿಯರ ಮುಂದೆ ಆಡಿದ ಮಾತು)

ನಾನು ಭಾಷಣಗಾರ ಅಲ್ಲ, ಬಿ.ಕಾಂ. ಓದಿ ಬ್ಯಾಂಕಲ್ಲಿ ಗುಮಾಸ್ತನಾಗಿರೋನು. ನಿಮ್ಮಲ್ಲಿ ಕೆಲವರು ಹೊಸೂರಲ್ಲೇ ರೂಮು ಮಾಡ್ತೀರಿ, ಇನ್ನು ಕೆಲವರು ಗಡಿ ದಾಟಿ ಬೆಂಗಳೂರಲ್ಲಿ ಮನೆ ಹಿಡೀತೀರಿ. ಅದಕ್ಕೇ ಮನೆ ಅಡ್ವಾನ್ಸ್ ಬಗ್ಗೆ ನಾಲ್ಕು ಮಾತು.

ನನ್ನ ಮೊದಲ ಬಾಡಿಗೆ ಮನೆ ಬೊಮ್ಮಸಂದ್ರದ ಕಡೆ. ಬಾಡಿಗೆ 6,000, ಅಡ್ವಾನ್ಸ್ ಹತ್ತು ತಿಂಗಳದ್ದು, 60,000. ಅಮ್ಮನ ಬಳೆ ಅಡವಿಟ್ಟು ಅಪ್ಪ ದುಡ್ಡು ಹೊಂದಿಸಿದ್ರು. ಮೂರು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದೆ. ಖಾಲಿ ಮಾಡಿದ ದಿನ ಓನರ್ ಕೈಗಿಟ್ಟದ್ದು 44,000 ಮತ್ತು ಒಂದು ಚೀಟಿ: ಪೇಂಟಿಂಗ್ 6,000, ಗೀಸರ್ 4,500, ಕ್ಲೀನಿಂಗ್ 2,000, ಇತರೆ 3,500. "ಎಲ್ಲಾ ಕಡೆ ಹೀಗೇ ಕಣಪ್ಪ" ಅಂದ್ರು. ಸಾಮಾನು ಆಗಲೇ ಟೆಂಪೋದಲ್ಲಿತ್ತು. ಸುಮ್ಮನೆ ಬಂದುಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಲ್ಲಿ ಗ್ರಾಹಕರ ಖಾತೆಯಿಂದ ಹತ್ತು ರೂಪಾಯಿ ತೆಗೆದ್ರೂ ಆಧಾರ ತೋರಿಸಬೇಕು. ಇಲ್ಲಿ ನನ್ನ 16,000 ಹೋಗಿದೆ, ಒಂದೇ ಒಂದು ಬಿಲ್ ಇಲ್ಲ! ಅಡ್ವಾನ್ಸ್ ಓನರ್ ಆದಾಯ ಅಲ್ಲ. ಅವರ ಹತ್ತಿರ ಇರುವ ನಮ್ಮ ಠೇವಣಿ, ಅವರು ವಾಪಸ್ ಕೊಡಬೇಕಾದ ಬಾಕಿ.

ಕಾನೂನು ಏನನ್ನುತ್ತೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಬಳಕೆಯಿಂದ ಆಗುವ ಸಹಜ ಸವೆತಕ್ಕೆ ಅವನು ಹೊಣೆ ಅಲ್ಲ. ಬಿಸಿಲಿಗೆ ಗೋಡೆ ಬಣ್ಣ ಮಂಕಾದ್ರೆ ಅದು ಸವೆತ. ನಾವು ಸಿಂಕ್ ಒಡೆದ್ರೆ ಅದು ಹಾನಿ, ದುಡ್ಡು ನಾವೇ ಕೊಡಬೇಕು.

ಹೊಸೂರಲ್ಲಿ ಇರೋರು ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ ನೆನಪಿಡಿ. ಕರಾರಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಖಾಲಿ ಮಾಡಿದ ಒಂದು ತಿಂಗಳೊಳಗೆ, ನಿಜವಾದ ಬಾಕಿ ಮಾತ್ರ ಹಿಡಿದು ಉಳಿದದ್ದು ಕೊಡಬೇಕು. ಕೇಂದ್ರದ 2021ರ ಮಾದರಿ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತೆ. ಆದರೆ ಅದು ಮಾದರಿ ಅಷ್ಟೆ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅನ್ವಯ.

ನಾನು ಜಗಳಕ್ಕೆ ಹೋಗಲಿಲ್ಲ. ಅಗ್ರಿಮೆಂಟ್ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಅಂತ ಅದರಲ್ಲೇ ಇತ್ತು, ಕೆಳಗೆ ನನ್ನ ಸಹಿ! ಅದನ್ನು ಬಿಟ್ಟೆ. ಅಡುಗೆಮನೆ ಗೋಡೆಯ ಎಣ್ಣೆ ಜಿಡ್ಡು ನನ್ನದೇ, ಕ್ಲೀನಿಂಗೂ ಒಪ್ಪಿಕೊಂಡೆ. ಆದರೆ ಗೀಸರ್ ನಾನು ಬಂದ ದಿನವೇ ತುಕ್ಕು ಹಿಡಿದಿತ್ತು, ಆವತ್ತು ಮೊಬೈಲಲ್ಲಿ ತೆಗೆದ ಫೋಟೊ ಇತ್ತು. "ಇತರೆ" ಅಂದ್ರೆ ಏನು ಅನ್ನೋದಕ್ಕೆ ಉತ್ತರವೇ ಇರಲಿಲ್ಲ. ಇವೆರಡಕ್ಕೂ ಬಿಲ್ ಕೊಡಿ, ಇಲ್ಲವೇ 15 ದಿನದಲ್ಲಿ 8,000 ವಾಪಸ್ ಮಾಡಿ ಅಂತ ಮರ್ಯಾದೆಯಿಂದ ಬರೆದು ಸ್ಪೀಡ್ ಪೋಸ್ಟ್ ಮಾಡಿದೆ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ದುಡ್ಡೇ ಖಾತೆಗೆ ಬಂತು.

ಬರದಿದ್ರೆ? ವಕೀಲರಿಂದ ನೋಟಿಸ್ ಕೊಡಿಸಬಹುದು. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಕೋರ್ಟ್ ಶುಲ್ಕ ಇಲ್ಲ, ಆದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ ರಾಜಿ. ದಾವೆ ಹೂಡೋಕೆ ಸಾಮಾನ್ಯವಾಗಿ ಮೂರು ವರ್ಷ ಅವಕಾಶ ಇದೆ, ಅಲ್ಲಿ ತನಕ ಕಾಯ್ತಾ ಕೂರಬೇಡಿ.

ಇದಕ್ಕಿಂತ ಸುಲಭದ ದಾರಿ ಮನೆ ಸೇರೋ ದಿನವೇ ಇದೆ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ, ನಗದು ಬೇಡ. ಗೋಡೆ, ನಲ್ಲಿ, ಸ್ವಿಚ್ಚು, ಕರೆಂಟ್ ಮೀಟರ್ ಎಲ್ಲದರ ವಿಡಿಯೊ ಮಾಡಿ ಆವತ್ತೇ ಓನರ್‌ಗೆ ಕಳಿಸಿ. ಬಿಡೋ ದಿನ ಅವರನ್ನು ಜೊತೆಗೇ ಕರ್ಕೊಂಡು ಮನೆ ತೋರಿಸಿ, ಆಮೇಲೆ ಕೀ ಕೊಡಿ. ಇಲ್ಲಿ ಅಗ್ರಿಮೆಂಟ್ ತಮಿಳಲ್ಲಿ ಇರುತ್ತೆ, ಬೆಂಗಳೂರಲ್ಲಿ ಇಂಗ್ಲಿಷಲ್ಲಿ. ಕನ್ನಡದಲ್ಲಿ ಓದಿದ ನಮಗೆ ಅರ್ಥ ಆಗದಿದ್ರೆ ಗೊತ್ತಿದ್ದವರ ಹತ್ತಿರ ಓದಿಸಿಕೊಳ್ಳಿ. ಕೇಳೋಕೆ ನಾಚಿಕೆ ಬೇಡ. ಆ ನಾಚಿಕೆಗೇ ನಾನು 6,000 ಕಳ್ಕೊಂಡೆ.

ವಾಪಸ್ ಬಂದ 8,000 ಅಮ್ಮನ ಬಳೆ ಬಿಡಿಸೋಕೆ ಸೇರಿತು. ಯಾರಾದ್ರೂ ಅಗ್ರಿಮೆಂಟ್ ತಂದಿದ್ರೆ ಕೊಡಿ, ಈಗಲೇ ಕೂತು ಓದೋಣ.