ಲಾರಿಯ ಓಟವನ್ನು ಅಳೆಯುವ ಬಗೆ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಲಾರಿಯ ಮಾತು ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಫಂಡಿನ ಹಣ, ಊರಿನ ಹೊಲ ಮಾರಿದ ಹಣ ಎರಡನ್ನೂ ಕೂಡಿಸಿ, ಇಬ್ಬರು ಮೂವರು ಪಾಲುಗಾರರಾಗಿ ಹಳೆಯ ಲಾರಿಯೊಂದನ್ನು ಕೊಳ್ಳುವವರು ನಮ್ಮಲ್ಲಿದ್ದಾರೆ. ತಮ್ಮನನ್ನೋ ಅಳಿಯನನ್ನೋ ಡ್ರೈವರಾಗಿ ಕೂರಿಸಿದರೆ ಕುಟುಂಬಕ್ಕೊಂದು ದಾರಿಯಾದೀತೆಂಬ ಆಸೆ. ದಲ್ಲಾಳಿಯಾದವನು ಖಾಲಿ ಲಾರಿಯನ್ನು ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, "ನೋಡಿ ಸ್ವಾಮೀ, ಕುದುರೆ ಹಾಗೆ ಹೋಗ್ತದೆ" ಎನ್ನುತ್ತಾನೆ. ಇಪ್ಪತ್ತು ವರ್ಷ ಬೆವರು ಸುರಿಸಿ ಕೂಡಿಟ್ಟದ್ದು ಆ ಒಂದು ಸುತ್ತಿನಲ್ಲಿ ಕೈಬಿಡುತ್ತದೆ. ಇನ್ನು ಕೂಲಿಗೆ ಲಾರಿ ಓಡಿಸುವ ನಮ್ಮ ಹುಡುಗರ ಪಾಡು ಬೇರೆ. ಗಾಡಿ ತಡವಾಗಿ ಬಂದರೆ ಭತ್ತೆಯಲ್ಲಿ ಕಡಿತ. ತಪ್ಪು ಡ್ರೈವರನದೋ, ಹೊರೆಯದೋ ಎಂದು ಯಾರೂ ಕೇಳುವುದಿಲ್ಲ.

ನಿಂತ ಗಾಡಿ ಎಷ್ಟು ಬೇಗ ವೇಗಕ್ಕೆ ಬರುತ್ತದೆ ಎಂಬುದನ್ನು ಪುಸ್ತಕದವರು ವೇಗೋತ್ಕರ್ಷ ಎನ್ನುತ್ತಾರೆ. ಡ್ರೈವರುಗಳು ಪಿಕಪ್ ಎನ್ನುತ್ತಾರೆ. ನಾನೂ ಪಿಕಪ್ ಎಂದೇ ಹೇಳುವೆನು. ಹೋಟೆಲಿನ ಬಂಧುಗಳಿಗೆ ಇದು ಗೊತ್ತಿರುವ ಸಂಗತಿಯೇ. ಹಿಟ್ಟು ರುಬ್ಬುವ ಯಂತ್ರ ಖಾಲಿ ಇದ್ದಾಗ ಗುಂಡಿ ಒತ್ತಿದೊಡನೆ ತಿರುಗುತ್ತದೆ. ಉದ್ದಿನ ಬೇಳೆ ತುಂಬಿ ಒತ್ತಿದರೆ ಮೋಟಾರು ನರಳುತ್ತದೆ. ಖಾಲಿ ಯಂತ್ರ ನೋಡಿ ಮೋಟಾರಿನ ಯೋಗ್ಯತೆ ಹೇಳುವವನನ್ನು ನಮ್ಮ ಭಟ್ಟರು ನಂಬುವರೇ?

ಲಾರಿಯ ಮೈಮೇಲಿನ ಅಂಕಿಯನ್ನೇ ಮೊದಲು ಓದಿರಿ. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿಯೊಡನೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಟಾಟಾದ 1210, 1613 ಎಂಬ ಲಾರಿಗಳನ್ನು ನೀವೆಲ್ಲ ಕಂಡಿದ್ದೀರಿ. ಮೊದಲ ಎರಡು ಅಂಕಿ ಹೊರೆಸಮೇತ ಒಟ್ಟು ತೂಕದ ಟನ್ನು. ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಎಂಜಿನಿನ ಅಶ್ವಶಕ್ತಿ, ಹೆಚ್ಚುಕಡಿಮೆ. 1613 ಎಂದರೆ 16 ಟನ್ನು, 130 ಅಶ್ವಶಕ್ತಿ. ಟನ್ನಿಗೆ ಎಂಟು ಕುದುರೆ ಬಂತು. ಎರಡು ಲಾರಿಗಳನ್ನು ಹೋಲಿಸಬೇಕಾದರೆ ಮೊದಲು ಹೋಲಿಸಬೇಕಾದುದು ಈ ಅಂಕಿಯನ್ನೇ, ಬರಿಯ ಅಶ್ವಶಕ್ತಿಯನ್ನಲ್ಲ. ಯುರೋಪಿನಲ್ಲಿ 1997ರ ನಿಯಮ ಟನ್ನಿಗೆ ಕನಿಷ್ಠ 5 ಕಿಲೋವಾಟ್, ಅಂದರೆ ಸುಮಾರು ಏಳು ಅಶ್ವಶಕ್ತಿ, ಇರಲೇಬೇಕೆಂದಿತು. ಅಷ್ಟೇ ಅಲ್ಲ, ಟ್ರೇಲರು ಎಳೆಯುವ ಗಾಡಿ ನೂರಕ್ಕೆ ಹನ್ನೆರಡರ ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತಲ್ಲಿಂದ ಹೊರಡಬಲ್ಲುದಾಗಿರಬೇಕೆಂದೂ ವಿಧಿಸಿತು. ಒಂದು ಸಲ ಏರಿಬಿಟ್ಟರೆ ಸಾಲದು, ಐದು ಸಲ! ಕ್ಲಚ್ಚಿನ ನಿಜ ಬಯಲಾಗುವುದು ಅಲ್ಲಿಯೇ. ನಿಯಮ ಬರೆದವನು ಸ್ವತಃ ಗಾಡಿ ಓಡಿಸಿದವನಿರಬೇಕೆಂದು ನನಗೆ ಅನ್ನಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. 16 ಟನ್ನಿನ ಗಾಡಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ತರಲು 130 ಅಶ್ವಶಕ್ತಿ ಒಂದಿಷ್ಟೂ ಪೋಲಾಗದೆ ದುಡಿದರೂ 23 ಸೆಕೆಂಡು ಬೇಕು. ಅದೇ ಗಾಡಿ ಖಾಲಿಯಾಗಿ 6 ಟನ್ನಿದ್ದರೆ 9 ಸೆಕೆಂಡು ಸಾಕು. ನಿಜವಾಗಿ ಎರಡಕ್ಕೂ ಹೆಚ್ಚೇ ಹಿಡಿಯುತ್ತದೆ; ಗೇರು ಬದಲಿಸುವಾಗಲೆಲ್ಲ ಎಂಜಿನು ಚಕ್ರಕ್ಕೆ ಏನೂ ಕೊಡುವುದಿಲ್ಲ, ಟಯರು ಮತ್ತು ಗಾಳಿಯ ಎಳೆತ ಬೇರೆ. ದಲ್ಲಾಳಿ ತೋರಿಸುವುದು ಖಾಲಿ ಗಾಡಿಯ ಓಟ. ನಿಮಗೆ ಬಾಡಿಗೆ ತರುವುದು ತುಂಬಿದ ಗಾಡಿ.

ಘಾಟಿನಲ್ಲಿ ಇದು ಇನ್ನೂ ಸ್ಪಷ್ಟ. ಇಪ್ಪತ್ತು ಅಡಿಗೆ ಒಂದಡಿ ಏರುವ ರಸ್ತೆಯಲ್ಲಿ 16 ಟನ್ನಿನ ಗಾಡಿಯನ್ನು 800 ಕಿಲೋ ಬಲ ಹಿಂದಕ್ಕೆ ಎಳೆಯುತ್ತದೆ. ಟಯರಿನ ಎಳೆತ ಸುಮಾರು 160 ಕಿಲೋ ಕೂಡಿಸಿರಿ. 130 ಅಶ್ವಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು 110ರಷ್ಟು. ಲೆಕ್ಕ ಹಾಕಿದರೆ ಗಂಟೆಗೆ 31 ಕಿಲೋಮೀಟರಿಗಿಂತ ಹೆಚ್ಚು ಓಡಲಾರದು. ಮಾಲಿಕನು 20 ಟನ್ನು ತುಂಬಿಸಿದರೆ ಅದು 25ಕ್ಕೆ ಇಳಿಯುತ್ತದೆ. ಎಂಟು ಕಿಲೋಮೀಟರಿನ ಏರಿನಲ್ಲಿ ನಾಲ್ಕು ನಿಮಿಷ ಹೋಯಿತು. ಹುಡುಗನು ಚಹಾ ಕುಡಿಯುತ್ತ ಕೂತದ್ದಲ್ಲ ಅದು. ಎರಡು ಆಕ್ಸಲಿನ ಲಾರಿಯ ಮಿತಿಯನ್ನು ಸರ್ಕಾರ 2018ರಲ್ಲಿ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಕಾಗದದ ಮೇಲೆ ಮಿತಿ ಏರಿದ ಮಾತ್ರಕ್ಕೆ ಎಂಜಿನು ಬೆಳೆಯುವುದಿಲ್ಲವಷ್ಟೆ.

ಅಳೆಯುವ ಕ್ರಮ ಹೀಗೆ. ಗಾಡಿಗೆ ಮಾಲು ತುಂಬಿಸಿ ಕಾಟಾದ ಮೇಲೆ ತೂಗಿಸಿರಿ. ಬಾಯಿಮಾತಿನ ತೂಕ ಬೇಡ. ಟಯರಿನ ಗಾಳಿ ಸರಿಯಿರಲಿ, ಎಂಜಿನು ಬಿಸಿಯಾಗಿರಲಿ. ಜನಸಂಚಾರವಿಲ್ಲದ ನೇರ ರಸ್ತೆ ಆರಿಸಿರಿ. ಹೋಗುತ್ತ ಒಂದು ಸಲ, ಅದೇ ರಸ್ತೆಯಲ್ಲಿ ಬರುತ್ತ ಒಂದು ಸಲ, ಹೀಗೆ ಮೂರು ಜೊತೆ ಓಡಿಸಿ ಸರಾಸರಿ ತೆಗೆಯಿರಿ. ಎರಡೂ ಕಡೆ ಏಕೆಂದರೆ, ಇನ್ನೂರು ಅಡಿಗೆ ಒಂದಡಿಯ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ. ಆದರೆ 16 ಟನ್ನಿನ ಗಾಡಿಯನ್ನು ಅದು 80 ಕಿಲೋ ಬಲದಿಂದ ತಳ್ಳುತ್ತದೆ. ಗಾಳಿಯ ಪಕ್ಷಪಾತವೂ ಹೀಗೆಯೇ ಕಳೆಯುತ್ತದೆ. ಮೀಟರಿನ ಮುಳ್ಳನ್ನು ನೆಚ್ಚಬೇಡಿ. ಮುಳ್ಳು 60 ತೋರಿಸುವಾಗ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ 60 ಸೆಕೆಂಡು ಹಿಡಿಯಬೇಕು. 65 ಹಿಡಿದರೆ ಮುಳ್ಳು ಸುಳ್ಳು ಹೇಳುತ್ತಿದೆ.

ನಿಂತಲ್ಲಿಂದ 60ರವರೆಗಿನ ಹೊತ್ತು ನೋಡುವುದು ವಾಡಿಕೆ. ಅದರಲ್ಲಿ ಎಂಜಿನಿಗಿಂತ ಡ್ರೈವರನ ಕಾಲು ಕೈಗಳ ಚಳಕವೇ ಹೆಚ್ಚು ಅಳೆಯಲ್ಪಡುತ್ತದೆ. ಆದುದರಿಂದ ಒಂದೇ ಗೇರಿನಲ್ಲಿ 40ರಿಂದ 60ಕ್ಕೆ ಎಷ್ಟು ಸೆಕೆಂಡು ಎಂಬುದನ್ನೂ ಬೇರೆಯಾಗಿ ಬರೆಯಿರಿ. ಎರಡು ಗಾಡಿ ಹೋಲಿಸುವಾಗ ಡ್ರೈವರ್ ಒಬ್ಬನೇ ಇರಲಿ. ಇಬ್ಬರು ಡ್ರೈವರುಗಳನ್ನು ಹೋಲಿಸುವುದಾದರೆ ಗಾಡಿಯೂ ಹೊರೆಯೂ ಒಂದೇ ಇರಲಿ. ಮಾಲಿಕರು ಮಾಡುವುದು ಇದಕ್ಕೆ ತಿರುಗಾಮುರುಗಾ.

ಪಿಕಪ್ ಕಡಿಮೆ ಕಂಡರೆ ಎಂಜಿನನ್ನೇ ದೂರಬೇಡಿ. ಓಟ ಮುಗಿದ ಕೂಡಲೆ ಇಳಿದು ಪ್ರತಿ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಕಾಯ್ದಿದ್ದರೆ ಬ್ರೇಕು ಹಿಡಿದುಕೊಂಡಿದೆ. ಏರ್ ಫಿಲ್ಟರ್ ಕಟ್ಟಿಕೊಂಡರೂ ಹೀಗಾಗುತ್ತದೆ. ಪಿಕಪ್ ತೀರ ಚೆನ್ನಾಗಿದ್ದು ಹಿಂದೆ ಕಪ್ಪು ಹೊಗೆ ದಟ್ಟವಾಗಿ ಬಂದರೆ ಅಲ್ಲಿಯೂ ಅನುಮಾನವಿರಲಿ: ಹಳೆಯ ಗಾಡಿಗಳಲ್ಲಿ ಮಾರಾಟದ ಮುನ್ನ ಪಂಪು ತಿರುಗಿಸಿ ಡೀಸೆಲ್ ಹೆಚ್ಚು ಬಿಡುವುದುಂಟು. ಆ ಶಕ್ತಿಗೆ ಬೆಲೆ ತೆರುವವನು ಕೊಂಡವನು, ಡೀಸೆಲಿನಲ್ಲಿ ಒಮ್ಮೆ, ಕಾಯ್ದು ಕೆಟ್ಟ ಎಂಜಿನಿನಲ್ಲಿ ಇನ್ನೊಮ್ಮೆ.

ಬ್ರೇಕಿನ ಮಾತನ್ನೂ ಸೇರಿಸುವೆನು. ಬೇಗ ಓಡುವ ಗಾಡಿಯನ್ನು ನಿಲ್ಲಿಸಲೂ ಬೇಕಲ್ಲ. 40ರ ಬದಲು 60ರಲ್ಲಿ ಓಡುವಾಗ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆಯಲ್ಲ, ಎರಡೂಕಾಲು ಪಟ್ಟು. ಪಿಕಪ್ ನೋಡಿದ ರಸ್ತೆಯಲ್ಲಿಯೇ ಇದನ್ನೂ ನೋಡಿರಿ. ಹಿಂದೆ ಯಾವ ಗಾಡಿಯೂ ಇಲ್ಲದಾಗ ಮಾತ್ರ.

ಬೇಕಾದ ಸಾಮಾನು ಹೆಚ್ಚಿಲ್ಲ: ಕಾಟಾದ ಚೀಟಿ, ಪೆನ್ಸಿಲು, ಗಡಿಯಾರ. ಘಾಟಿನ ಬುಡದಲ್ಲಿ, ತುದಿಯಲ್ಲಿ ಗಂಟೆ ನೋಡಿ ಆ ಚೀಟಿಯ ಬೆನ್ನಿಗೇ ಬರೆದಿಡಿ. ಭತ್ತೆ ಕಡಿಯುವ ದಿನ ಅದನ್ನು ತೋರಿಸಬಹುದು. ಸೆಕೆಂಡು ನೋಡಲು ಮೊಬೈಲಿನಲ್ಲಿರುವ ಸ್ಟಾಪ್‌ವಾಚ್ ಸಾಕು. ಅದನ್ನು ಹಿಡಿಯಬೇಕಾದವನು ಪಕ್ಕದಲ್ಲಿ ಕುಳಿತ ಕ್ಲೀನರ್, ಸ್ಟೀರಿಂಗು ಹಿಡಿದವನಲ್ಲ.