ಮಾಳಿಗೆಯ ಮೇಲಿನ ಪೋಲೀಸು

(ಗೊರೇಬಾಳದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ನೀವು ಇಷ್ಟು ಮಂದಿ ಇಲ್ಲಿ ನೆರೆದಿದ್ದೀರಿ. ಕೂಲಿಯ ದರ, ಕಾಲುವೆಯ ನೀರು, ಸಾಲದ ಬಡ್ಡಿ ಇವುಗಳನ್ನು ಬಿಟ್ಟು ಆಕಾಶದಲ್ಲಿ ಹಾರುವ ಡ್ರೋನ್ ಎಂಬ ಯಂತ್ರದ ಮಾತನ್ನು ಪಕ್ಷ ಏಕೆ ಎತ್ತಿಕೊಂಡಿತು ಎಂದು ಕೆಲವರಿಗೆ ಅನ್ನಿಸಬಹುದು. ಕೂಲಿಯ ಮಾತಾಡಬೇಕಾದರೂ ನೀರಿನ ಮಾತಾಡಬೇಕಾದರೂ ಜನ ಒಂದು ಕಡೆ ಸೇರಬೇಕು. ಸೇರಿದವರ ಮುಖಗಳನ್ನೆಲ್ಲ ಮೇಲಿನಿಂದ ಒಬ್ಬರು ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ ಎಂದಾದರೆ ಮುಂದಿನ ಸಭೆಗೆ ಎಷ್ಟು ಮಂದಿ ಬಂದಾರು? ಆದ್ದರಿಂದ ಇದೂ ಕೂಲಿಯ ಪ್ರಶ್ನೆಯೇ, ನೀರಿನ ಪ್ರಶ್ನೆಯೇ.

ನಾವು ಯಂತ್ರದ ವಿರೋಧಿಗಳಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ ಜಾಗಗಳನ್ನು ಅಳೆಯುವುದಕ್ಕೆ ಡ್ರೋನ್ ಬಂತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಳೆಗೆ ಔಷಧ ಹೊಡೆಯುವುದಕ್ಕೂ ಅದು ಬಂದಿದೆ. ಕೃಷ್ಣೆಗೆ ಮಹಾಪೂರ ಬಂದು ಲಿಂಗಸೂಗೂರು ತಾಲ್ಲೂಕಿನ ನಡುಗಡ್ಡೆಗಳಲ್ಲಿ ಜನ ಸಿಕ್ಕಿಕೊಂಡಾಗ ಅವರನ್ನು ಹುಡುಕಲು, ಔಷಧಿ ಮುಟ್ಟಿಸಲು ಪೋಲೀಸರು ಡ್ರೋನ್ ಹಾರಿಸಿದರೆ ನಾವೇ ಮೊದಲು ಮೆಚ್ಚುತ್ತೇವೆ. ಯಂತ್ರ ಯಾರ ಕೈಯಲ್ಲಿದೆ, ಯಾವ ಕೆಲಸಕ್ಕೆ ಹಾರುತ್ತಿದೆ, ಅದಕ್ಕೆ ಲೆಕ್ಕ ಕೇಳುವವರು ಯಾರು, ಇಷ್ಟೇ ನಮ್ಮ ಪ್ರಶ್ನೆ.

ಪೋಲೀಸರ ಕೈಗೆ ಅದು ಬಂದು ಈಗಾಗಲೇ ಕೆಲವು ವರ್ಷಗಳಾದವು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಲ್ಲಿ ಬೀದಿಗೆ ಬಂದವರನ್ನು ಕಾಯಲು ಡ್ರೋನ್ ಹಾರಿತು. ಆಮೇಲೆ ಗಣಪತಿ ಮೆರವಣಿಗೆ, ಜಾತ್ರೆ, ಬಂದೋಬಸ್ತು ಎಲ್ಲಕ್ಕೂ ಅದು ರೂಢಿಯಾಯಿತು. ಕಾಯುವ ಯಂತ್ರ ಹೊಡೆಯುವ ಯಂತ್ರವಾಗಲು ಬಹಳ ದಿನ ಬೇಕಾಗಲಿಲ್ಲ. 2024ರ ಫೆಬ್ರವರಿ 13ರಂದು ಪಂಜಾಬ್ ಮತ್ತು ಹರಿಯಾಣದ ಗಡಿಯ ಶಂಭು ಎಂಬಲ್ಲಿ, ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೇಳಿ ದೆಹಲಿಗೆ ಹೊರಟ ರೈತರ ಮೇಲೆ ಹರಿಯಾಣದ ಪೋಲೀಸರು ಡ್ರೋನಿನಿಂದ ಅಶ್ರುವಾಯುವಿನ ಗುಂಡು ಉದುರಿಸಿದರು. ರೈತರು ಗಾಳಿಪಟ ಹಾರಿಸಿ ಅದರ ದಾರದಿಂದ ಡ್ರೋನನ್ನು ಕೆಡವಲು ನೋಡಿದರು. ಭತ್ತಕ್ಕೆ ಬೆಲೆ ಕೇಳುವ ಸಿಂಧನೂರಿನ ರೈತನೂ, ಆ ಭತ್ತವನ್ನು ಅಕ್ಕಿ ಮಾಡುವ ಗಿರಣಿಯ ಹಮಾಲನೂ ಆ ಸುದ್ದಿಯನ್ನು ದೂರದ ಸುದ್ದಿ ಎಂದು ತಿಳಿಯಬಾರದು.

ಡ್ರೋನಿನ ಕಣ್ಣಿಗೆ ಎಲ್ಲರೂ ಒಂದೇ ಎಂದು ಕೆಲವರು ಹೇಳುತ್ತಾರೆ. ಇದು ಸುಳ್ಳು. ನಮ್ಮ ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಡವನ ಸಂಸಾರ ಮಲಗುವುದು ಮಾಳಿಗೆಯ ಮೇಲೆ, ಇಲ್ಲವೇ ಅಂಗಳದಲ್ಲಿ. ನಮ್ಮ ಹೆಣ್ಣುಮಕ್ಕಳು ಸ್ನಾನ ಮಾಡುವ ಬಚ್ಚಲಿಗೆ ಎಷ್ಟೋ ಮನೆಗಳಲ್ಲಿ ನಾಲ್ಕು ತಟ್ಟಿ ಇವೆ, ಮೇಲೆ ಚಾವಣಿ ಇಲ್ಲ. ಸಾಹುಕಾರನ ಮನೆಯ ಮಲಗುವ ಕೋಣೆ ಕಾಂಕ್ರೀಟಿನ ಕೆಳಗೆ, ತಂಪು ಯಂತ್ರದ ಮುಂದೆ ಇದೆ. ಮೇಲಿನಿಂದ ನೋಡಿದರೆ ಅವನದು ಬರಿಯ ಚಾವಣಿ ಕಾಣುತ್ತದೆ. ನಮ್ಮದು ಸಂಸಾರವೇ ಕಾಣುತ್ತದೆ. ಗೋಡೆ ಎತ್ತರ ಮಾಡಿ ಮಾನ ಕಾಪಾಡಿಕೊಂಡವರಿಗೆ ಆ ಗೋಡೆ ಇನ್ನು ಸಾಲದು. ಸ್ನಾನ ಮಾಡುವ ಹೆಂಗಸನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಪ್ರಕಾರ ಅಪರಾಧ. ಖಾಕಿ ತೊಟ್ಟವನಿಗೆ ಅದರಲ್ಲಿ ವಿನಾಯಿತಿ ಇಲ್ಲ. ಆದರೆ ನಾನೂರು ಅಡಿ ಮೇಲಿರುವ ಕಣ್ಣು ಯಾವ ಕಡೆ ತಿರುಗಿತ್ತು ಎಂಬುದನ್ನು ಕೆಳಗಿರುವ ಹೆಂಗಸು ಸಾಬೀತು ಮಾಡುವುದು ಹೇಗೆ?

ಇನ್ನು ಸಭೆಯ ಮಾತು. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ಗಿರಣಿಯ ಗೇಟಿನ ಮುಂದೆ ಐವತ್ತು ಮಂದಿ ಕುಳಿತರೆಂದು ಇಟ್ಟುಕೊಳ್ಳಿ. ಹಿಂದೆ ಒಬ್ಬ ಪೇದೆ ಬಂದು ನಿಂತು ನಾಲ್ಕು ಹೆಸರು ಬರೆದುಕೊಳ್ಳುತ್ತಿದ್ದ. ಅವನ ಮುಖ ನಮಗೂ ಕಾಣುತ್ತಿತ್ತು. ಈಗ ಐವತ್ತು ಮುಖಗಳೂ ಒಂದು ಸಣ್ಣ ಚಿಪ್ಪಿನಲ್ಲಿ ಕೂರುತ್ತವೆ. ಅದರ ನಕಲು ಮಾಲೀಕನ ಮೊಬೈಲಿಗೆ ಹೋಗುವುದಿಲ್ಲ ಎಂದು ಯಾರು ಹೊಣೆ? ಮರುದಿನ ಕೆಲಸವಿಲ್ಲ ಎನ್ನಿಸಿಕೊಂಡ ದಿನಗೂಲಿಯವನು ಯಾವ ಕೋರ್ಟಿಗೆ ಹೋಗಬೇಕು? ಇದರ ಜೊತೆಗೆ ಮುಖ ಗುರುತಿಸುವ ಯಂತ್ರವೂ ಬಂದಿದೆ. 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ದೆಹಲಿ ಪೋಲೀಸರು ಕೊಟ್ಟ ಉತ್ತರದಲ್ಲಿ, ನೂರಕ್ಕೆ 80ರಷ್ಟು ಹೋಲಿಕೆ ಬಂದರೆ ಅದೇ ಮನುಷ್ಯ ಎಂದು ಎಣಿಸುತ್ತೇವೆ ಎಂದಿತ್ತು. ತಕ್ಕಡಿ ಹಿಡಿಯುವ ವ್ಯಾಪಾರಿ ಕಿಲೋಗೆ 800 ಗ್ರಾಂ ತೂಗಿದರೆ ತೂಕ ಮಾಪನ ಇಲಾಖೆ ಬಿಡುತ್ತದೆಯೇ?

ಕಾನೂನು ಏನು ಹೇಳುತ್ತದೆ, ನೋಡೋಣ. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬುವನ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂತು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೋಲೀಸರು ಅವನ ಹೆಸರನ್ನು ಪಟ್ಟಿಯಲ್ಲಿಟ್ಟು ರಾತ್ರಿ ಹೊತ್ತು ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಬಾಗಿಲು ಬಡಿಯುವುದು ತಪ್ಪು ಎಂದಿತು. ಹೊರಗೆ ನಿಂತು ಗುಟ್ಟಾಗಿ ಕಾಯುವುದನ್ನು ಮಾತ್ರ ತಡೆಯಲಿಲ್ಲ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬುದು ಅಂದಿನ ಬಹುಮತದ ಅಭಿಪ್ರಾಯ. ಆ ಅಭಿಪ್ರಾಯ ಬಿದ್ದುಹೋಗಲು ಐವತ್ತೈದು ವರ್ಷ ಬೇಕಾಯಿತು. ಬೀಳಿಸಿದವರು ನಮ್ಮ ಕರ್ನಾಟಕದವರೇ, ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. ಸರ್ಕಾರ ಅದರಲ್ಲಿ ಕೈ ಹಾಕಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕೊಂದು ಕಾನೂನು ಇದೆಯೇ? ಉದ್ದೇಶ ನ್ಯಾಯವಾದದ್ದೇ? ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಿದ್ದಾರೆಯೇ, ಹೆಚ್ಚು ಹಾಕಿದ್ದಾರೆಯೇ?

ಮೊದಲ ಪ್ರಶ್ನೆಯಲ್ಲೇ ಸರ್ಕಾರ ತಡವರಿಸುತ್ತದೆ. 2021ರ ಡ್ರೋನ್ ನಿಯಮಗಳಿವೆ. ಯಂತ್ರದ ತೂಕವೆಷ್ಟು, ನೋಂದಣಿ ಹೇಗೆ, ಹಸಿರು, ಹಳದಿ, ಕೆಂಪು ಎಂಬ ವಲಯಗಳಲ್ಲಿ ಎಲ್ಲಿ ಎಷ್ಟು ಎತ್ತರ ಹಾರಬೇಕು, ಎಲ್ಲ ಅದರಲ್ಲಿದೆ. ಅವು ಹಾರಾಟದ ನಿಯಮಗಳು. ಪೋಲೀಸರು ಯಾರ ಚಿತ್ರ ತೆಗೆಯಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದಕ್ಕೆ ಅವು ಉತ್ತರವಲ್ಲ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂತು. ಅಪರಾಧ ತಡೆ, ಪತ್ತೆ, ತನಿಖೆಯ ಹೆಸರು ಹೇಳಿದರೆ ಅದರ ಬಹುಪಾಲು ಕಟ್ಟುಗಳು ಸಡಿಲವಾಗುತ್ತವೆ.

ಅಂಗಡಿಕಾರರು ಇದನ್ನು ತಮ್ಮ ಮೇಲಿರುವ ಕಾನೂನಿಗೆ ಹೋಲಿಸಿ ನೋಡಬೇಕು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯ ಪ್ರಕಾರ, ಒಮ್ಮೆಗೆ ನೂರು ಮಂದಿ ಅಥವಾ ದಿನಕ್ಕೆ ಐನೂರು ಮಂದಿ ಬಂದು ಹೋಗುವ ಸ್ಥಳಗಳವರು ತಮ್ಮ ಖರ್ಚಿನಲ್ಲಿ ಕ್ಯಾಮೆರಾ ಹಾಕಿಸಿ 30 ದಿನದ ಚಿತ್ರ ಇಟ್ಟು ಪೋಲೀಸರು ಕೇಳಿದಾಗ ಕೊಡಬೇಕು. ವ್ಯಾಪಾರಿಯ ಕ್ಯಾಮೆರಾಕ್ಕೆ ಜಾಗ, ದಿನ, ದಂಡ ಎಲ್ಲವನ್ನೂ ಬರೆದ ಶಾಸನಸಭೆ ಪೋಲೀಸರ ಹಾರುವ ಕ್ಯಾಮೆರಾಕ್ಕೆ ಅಂಥದೇ ಶಾಸನವನ್ನು ಏಕೆ ಬರೆಯಬಾರದು?

ಕಳ್ಳನಲ್ಲದವನಿಗೆ ಭಯವೇಕೆ ಎಂದು ಕೇಳುವವರಿದ್ದಾರೆ. 2020ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಬಹಿರಂಗ ಮಾಡಿತು. ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆ ವಿಳಾಸದಲ್ಲಿದ್ದವರು ಯಾವ ಕಳ್ಳತನವನ್ನೂ ಮಾಡಿರಲಿಲ್ಲ. ಮಾಹಿತಿ ಒಮ್ಮೆ ಕೈ ಜಾರಿದರೆ ಮತ್ತೆ ಸರ್ಕಾರದ ಕೈಗೂ ಸಿಗುವುದಿಲ್ಲ. ಅದೂ ಇರಲಿ, ಇದೇ ಪ್ರಶ್ನೆಯನ್ನು ಪೋಲೀಸರಿಗೂ ಕೇಳೋಣ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ದೇಶದ ಪ್ರತಿಯೊಂದು ಠಾಣೆಯಲ್ಲೂ ಕ್ಯಾಮೆರಾ ಹಾಕಿ, 18 ತಿಂಗಳ, ಕಡೆಯ ಪಕ್ಷ ಒಂದು ವರ್ಷದ ಚಿತ್ರ ಇಡಬೇಕೆಂದು ಆಜ್ಞೆ ಮಾಡಿತು. ಲಾಕಪ್ಪಿನ ಸಾವುಗಳ ಸುದ್ದಿ ಓದಿ 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ತಾನೇ ಮುಂದಾಗಿ, ಆ ಕ್ಯಾಮೆರಾಗಳು ಏನಾದವು ಎಂದು ಕೇಳಬೇಕಾಯಿತು. ನಮ್ಮ ಮಾಳಿಗೆಯ ಮೇಲೆ ಕಣ್ಣು ಹಾರಿಸಲು ಇರುವ ಉತ್ಸಾಹ ಠಾಣೆಯೊಳಗೆ ಕಣ್ಣು ತೆರೆದಿಡಲು ಇರಬೇಡವೇ?

ಹೊರದೇಶಗಳಲ್ಲಿ ಜನ ಇದನ್ನು ಪ್ರಶ್ನಿಸಿ ಗೆದ್ದಿದ್ದಾರೆ. ಫ್ರಾನ್ಸಿನಲ್ಲಿ 2020ರ ಮೇ 18ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯವು, ಲಾಕ್‌ಡೌನ್ ಕಾಯಲು ಪ್ಯಾರಿಸ್ ಪೋಲೀಸರು ಹಾರಿಸುತ್ತಿದ್ದ ಡ್ರೋನುಗಳನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಮೆರವಣಿಗೆಗಳ ಮೇಲಿನ ಹಾರಾಟವನ್ನೂ ನಿಲ್ಲಿಸಿತು. ಆಮೇಲೆ 2022ರಲ್ಲಿ ಸರ್ಕಾರ ಷರತ್ತು ಹಾಕಿದ ಶಾಸನ ತರಬೇಕಾಯಿತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವಿಮಾನದಿಂದ ಇಡೀ ಊರಿನ ಚಿತ್ರ ತೆಗೆಯುತ್ತಿದ್ದುದು ಸಂವಿಧಾನಕ್ಕೆ ವಿರುದ್ಧ ಎಂದು 2021ರಲ್ಲಿ ಮೇಲ್ಮನವಿ ಕೋರ್ಟು ತೀರ್ಪಿತ್ತಿತು.

ಯಾವ ಪಕ್ಷದ ಸರ್ಕಾರವಿದ್ದರೂ ನಮ್ಮ ಮಾತು ಇದೇ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಸಮಾಜವಾದಿಗಳದೇ ಮಂತ್ರಿಮಂಡಲವಿದ್ದಾಗ ಪೋಲೀಸರು ಚಳವಳಿಗಾರರ ಮೇಲೆ ಗುಂಡು ಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ರಾಮಮನೋಹರ ಲೋಹಿಯಾ ಅವರು ಸೆರೆಮನೆಯಿಂದಲೇ ತಮ್ಮ ಪಕ್ಷದ ಮಂತ್ರಿಮಂಡಲದ ರಾಜೀನಾಮೆ ಕೇಳಿದರು. ಸರ್ಕಾರ ನಮ್ಮದಾದರೆ ಲಾಠಿ ಮೆತ್ತಗಾಗುವುದಿಲ್ಲ ಎಂಬ ಆ ಪಾಠವನ್ನು ನಾವು ಮರೆತಿಲ್ಲ. ಇಂದಿನ ಸರ್ಕಾರಕ್ಕೆ ಕೇಳುವುದನ್ನೇ ನಾಳೆಯದಕ್ಕೂ ಕೇಳುತ್ತೇವೆ.

ನಮ್ಮ ಬೇಡಿಕೆಗಳು ಐದು. ಒಂದು, ಡ್ರೋನ್ ಹಾರಿಸುವ ಮುನ್ನ ಯಾವ ಅಧಿಕಾರಿ, ಯಾವ ಕಾರಣಕ್ಕೆ, ಎಲ್ಲಿ, ಎಷ್ಟು ಹೊತ್ತು ಎಂಬ ಲಿಖಿತ ಆಜ್ಞೆ ಇರಬೇಕು; ಅದು ಕನ್ನಡದಲ್ಲಿ ಠಾಣೆಯ ಹಲಗೆಯ ಮೇಲೆ ಬರಬೇಕು. ಎರಡು, ಪ್ರಾಣ ಉಳಿಸುವ ಕೆಲಸವಲ್ಲದೆ ವಸತಿಯ ಮೇಲೆ ಹಾರಿಸಕೂಡದು. ಮೂರು, ಮೊಕದ್ದಮೆಗೆ ಬೇಡವಾದ ಚಿತ್ರವನ್ನು 30 ದಿನದಲ್ಲಿ ಅಳಿಸಬೇಕು. ನಾಲ್ಕು, ಶಾಂತಿಯುತ ಸಭೆಯ ಚಿತ್ರವನ್ನು ಮುಖ ಗುರುತಿಸುವ ಯಂತ್ರಕ್ಕೆ ಹಾಕಕೂಡದು. ಐದು, ಜನರ ಮೇಲೆ ಏನನ್ನೂ ಉದುರಿಸಕೂಡದು. ಇವೆಲ್ಲ ಶಾಸನಸಭೆಯಲ್ಲಿ ಚರ್ಚೆಯಾಗಿ ಕಾನೂನಾಗಬೇಕು.

ಅಲ್ಲಿಯವರೆಗೆ ಕೈ ಕಟ್ಟಿ ಕೂರುವುದು ಬೇಡ. ಹತ್ತು ರೂಪಾಯಿ ಶುಲ್ಕ, ನೂರೈವತ್ತು ಪದದೊಳಗಿನ ಒಂದು ಅರ್ಜಿ. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವೂ ಇಲ್ಲ. ಜಿಲ್ಲೆಯ ಪೋಲೀಸರ ಬಳಿ ಡ್ರೋನ್ ಎಷ್ಟಿವೆ, ಯಾವ ಆಜ್ಞೆಯ ಮೇಲೆ ಹಾರುತ್ತವೆ, ಚಿತ್ರ ಎಷ್ಟು ದಿನ ಇಡುತ್ತಾರೆ, ಯಾರಿಗೆ ಕೊಡುತ್ತಾರೆ ಎಂದು ಕೇಳೋಣ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಕೊಡುವುದಿಲ್ಲವೆಂದರೆ ಮೇಲ್ಮನವಿ ಹಾಕೋಣ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವ ಕೆಲಸ ಪಕ್ಷದ್ದು. ಇದರ ಮೇಲೆ ಗ್ರಾಮಸಭೆಯಲ್ಲಿ ಒಂದು ಠರಾವನ್ನೂ ಮಾಡಿಸೋಣ.

ನಮ್ಮ ನೆರೆಯ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತನ್ನು ಜನರ ಭಾಷೆಯಲ್ಲಿ ಬಂಡೆಯ ಮೇಲೆ ಕೊರೆಸಿದ. ಓಟು ಹಾಕಿ ನಾವೇ ಆರಿಸಿದ ಸರ್ಕಾರ ತನ್ನ ಪೋಲೀಸರ ನಿಯಮವನ್ನು ಒಂದು ಹಲಗೆಯ ಮೇಲೆ ಬರೆಯಲಾರದೇ? ಬರೆಯುವಂತೆ ಮಾಡುವುದು ನಿಮ್ಮ ಸಂಘಟನೆಯ ಬಲ. ಅರ್ಜಿಗಳು ಈ ಮೇಜಿನ ಮೇಲಿವೆ, ಬಂದು ಸಹಿ ಹಾಕಿ.